ಬಾಬಾಗಾಡಿಯ ಮೊದಲ ಸವಾರಿ

ಬಸಲಿಂಗಪ್ಪನ ಹೆಂಡತಿ ಸುನಂದಾಬಾಯಿ ತವರಿನಿಂದ ಹೇಳಿ ಕಳಿಸಿದ್ದು ಒಂದೇ ಮಾತು. "ಬಾಬಾಗಾಡಿ ತಂದ್ರ ಬರ್ತೀನಿ. ಇಲ್ಲಂದ್ರ ನಾ ಇಲ್ಲೇ ಆರಾಮ ಅದೀನಿ."

ಈ ಮಾತನ್ನು ಮಿರಜಿನಿಂದ ಸಾಂಗಲಿಗೆ ಹೊತ್ತು ತಂದವನು ಎಲೆ ವ್ಯಾಪಾರದ ಜ್ಯೋತೆಪ್ಪ. ಬಸಲಿಂಗಪ್ಪನ ಮಾವನ ಎದುರು ಮನೆಯವನು. ವೀಳ್ಯದೆಲೆಯ ಬುಟ್ಟಿಯ ಜೊತೆಗೆ ಎರಡೂ ಸಂಸ್ಥಾನಗಳ ಸುದ್ದಿಯನ್ನು ಅತ್ತಿಂದಿತ್ತ ಸಾಗಿಸುವುದು ಅವನ ಜೋಡು ವ್ಯಾಪಾರ. ಎಲೆಯಾದರೂ ಬಾಡೀತು, ಅವನ ಕೈಯಲ್ಲಿ ಸುದ್ದಿ ಮಾತ್ರ ಬಾಡುತ್ತಿರಲಿಲ್ಲ. ಸುನಂದಾಬಾಯಿಯ ಅಕ್ಕನಿಗೆ ಅವಳ ಕೊಲ್ಹಾಪುರದ ಗಂಡ ಅಂಥದೊಂದು ತಳ್ಳುವ ಗಾಡಿ ತಂದುಕೊಟ್ಟಿದ್ದಾನಂತೆ, ಅದರಲ್ಲಿ ಕೂಸನ್ನು ಮಲಗಿಸಿ ಕೆರೆಯ ದಂಡೆಗೆ ಗಾಳಿಗೆ ಒಯ್ಯುತ್ತಾರಂತೆ. ಇಷ್ಟು ಹೇಳಿ ಜ್ಯೋತೆಪ್ಪ ಎಲೆ ಮಾರಲು ಹೋದ. ಬಸಲಿಂಗಪ್ಪನ ನಿದ್ದೆಯೂ ಅವನ ಹಿಂದೆಯೇ ಹೋಯಿತು.

ಬಸಲಿಂಗಪ್ಪ ಅರಿಶಿಣದ ಅಡತಿ ಅಂಗಡಿಯಲ್ಲಿ ಗುಮಾಸ್ತ. ಹೆಂಡತಿ ಬಾಣಂತನಕ್ಕೆ ಹೋಗಿ ತಿಂಗಳುಗಳೇ ಕಳೆದಿದ್ದವು. ಮನೆಯಲ್ಲಿ ಅವನ ತಾಯಿ ಬಾಳವ್ವನಿಗೆ ಕಣ್ಣು ಮಂಜು. ಒಂದು ದಿನ ಪಲ್ಯಕ್ಕೆ ಉಪ್ಪೇ ಇರುತ್ತಿರಲಿಲ್ಲ, ಮರುದಿನ ಎರಡೂ ದಿನದ ಉಪ್ಪು ಒಟ್ಟಿಗೆ ಬೀಳುತ್ತಿತ್ತು. ಉಪ್ಪಿನ ಮಾತು ಹೋಗಲಿ, ಮಗನ ಮುಖವನ್ನು ಅವನು ಕಂಡದ್ದು ಹೆಸರಿಟ್ಟ ದಿನ ಒಮ್ಮೆ ಮಾತ್ರ. ಯಾರ ಕೂಸು ಅತ್ತರೂ ಅವನಿಗೆ ತನ್ನದೇ ನೆನಪಾಗುತ್ತಿತ್ತು. ನಾಳೆ ಮಣ್ಣೆತ್ತಿನ ಅಮಾವಾಸ್ಯೆ, ನಾಡಿದ್ದಿನಿಂದ ಆಷಾಢ. ಇಂದು ಕರೆತರದಿದ್ದರೆ ಮುಂದೆ ಶ್ರಾವಣವೇ ಗತಿ.

ಹಿಂದಿನ ಸಂಜೆಯೇ ಅವನು ಹಳೆಯ ಸಾಮಾನಿನ ಬಜಾರಕ್ಕೆ ಓಡಿದ್ದ. ಅಲ್ಲಿ ಇದ್ದದ್ದು ಎರಡೇ ಬಾಬಾಗಾಡಿ. ಒಂದು ಬೆತ್ತದ್ದು, ಹಗುರ, ಚಿಕ್ಕದು, ಸುಮ್ಮನೆ ಉರುಳುತ್ತಿತ್ತು. ಇನ್ನೊಂದು ಕಬ್ಬಿಣದ್ದು, ಎತ್ತರದ ಗಾಲಿ, ದಪ್ಪ ಸ್ಪ್ರಿಂಗು, ಮೇಲೆ ನೆರಳಿಗೆಂದಿದ್ದ ಟಪ್ಪಿನ ಬರೀ ಎಲುಬು. ಬುದ್ಧಿ ಇದ್ದವನು ಬೆತ್ತದ್ದನ್ನು ಒಯ್ಯುತ್ತಿದ್ದ. ಆದರೆ ಅಂಗಡಿಯವನು, "ಇದು ಸಾಹೇಬರ ಬಂಗ್ಲೇದ್ರಿ. ಇದರಾಗ ಮಲಗಿದ ಕೂಸು ಈಗ ಕಲೆಕ್ಟರ ಆಗೇತಿ" ಎಂದುಬಿಟ್ಟ. ಬೆತ್ತದ ಗಾಡಿಯಲ್ಲಿ ಮಲಗಿದ ಕೂಸು ಏನಾಯಿತೆಂದು ಅವನು ಹೇಳಲಿಲ್ಲ. ಬಸಲಿಂಗಪ್ಪ ಕಲೆಕ್ಟರನನ್ನೇ ತಳ್ಳಿಕೊಂಡು ಮನೆಗೆ ಬಂದ.

ಬೆಳಗಾಗುತ್ತಲೇ, ನಾಲ್ಕಾರು ಬಿಡಾರಗಳಿದ್ದ ಆ ವಾಡೆಯ ಹೆಂಗಸರೆಲ್ಲ ಅಂಗಳದಲ್ಲಿ ಗಾಡಿಗೆ ಮುತ್ತಿಗೆ ಹಾಕಿದರು. ಹೊಲಿಗೆಯ ಯಜಮಾನಿಕೆ ಪಕ್ಕದ ಮನೆಯ ನೀಲಗಂಗವ್ವನದು. ಕೌದಿ ಹೊಲಿಯುವುದರಲ್ಲಿ ಇಡೀ ಪೇಟೆಯಲ್ಲಿ ಅವಳ ಕೈ ಹಿಡಿಯುವವರಿರಲಿಲ್ಲ, ಬಾಯಿ ಹಿಡಿಯುವವರೂ ಇರಲಿಲ್ಲ.

"ಟಪ್ಪಿಗೆ ಅರಿವೀನ ಇಲ್ಲಲ್ಲೋ ಬಸಲಿಂಗಾ! ಬಿಸಲಾಗ ಕೂಸು ಹಪ್ಪಳ ಆಗ್ತೇತಿ. ಕರೀ ಅರಿವಿ ತಾ."

"ಕರೀ ಅರಿವಿ ಎಲ್ಲಿಂದ ತರ್ಲಿ ಕಾಕು?"

ನೀಲಗಂಗವ್ವ ಗೂಟಕ್ಕೆ ತೂಗುತ್ತಿದ್ದ ಅವನ ಹೊಸ ಛತ್ರಿಯನ್ನು ನೋಡಿದಳು. ಅವನು "ಬ್ಯಾಡ" ಎನ್ನುವಷ್ಟರಲ್ಲಿ ಕತ್ತರಿ ಆಡಿಯಾಗಿತ್ತು. ಛತ್ರಿ ಟಪ್ಪಾಯಿತು. ಅವನ ತಲೆದಿಂಬಿನ ಅರಳೆ ಗಾಡಿಯ ಗಾದಿಯಾಯಿತು. ಮದುವೆಯ ರುಮಾಲು ಮುಂದಿನ ಪಡದೆಯಾಗಿ, ಎರಡೂ ಬದಿಗೆ ಕಟ್ಟಲು ಲಾಡಿಯನ್ನೂ ಪಡೆಯಿತು. ಕೂಸಿಗೆ ಹಿರಿಯರ ಹಳೆಯ ಅರಿವೆಯ ಕೌದಿಯೇ ಶ್ರೇಷ್ಠ ಎಂದು ತಂಗೆವ್ವ ಎಂಬಾಕೆ ಮನೆಮನೆ ತಿರುಗಿ ಹರಕು ಸೀರೆ ತಂದಳು. ಯಾರ ಸೀರೆ ಮೇಲೆ ಬರಬೇಕು, ಯಾರದು ಅಡಿಗೆ ಹೋಗಬೇಕು ಎಂಬುದಕ್ಕೆ ಶುರುವಾದ ಜಗಳ ಅತ್ತೆಯರ, ಅಜ್ಜಿಯರ ಕಾಲಕ್ಕೆ ಹೋಗಿ ತಿರುಗಿ ಬಂತು. ಕಡೆಗೆ ಒಂದು ಮೂಲೆ ಉಳಿದಾಗ ನೀಲಗಂಗವ್ವ ಸೂಜಿ ನಿಲ್ಲಿಸಿದಳು.

"ಕೌದಿ ಹೊಟ್ಟಿ ಹಸಗೊಂಡು ಇರಬಾರದು. ಏನರೆ ತಿನ್ನಾಕ ಕೊಡ್ರಿ."

ಬಸಲಿಂಗಪ್ಪ ಬಾಯಿಗೆ ಇಡಲಿದ್ದ ರೊಟ್ಟಿಯ ಚೂರನ್ನು ಕಸಿದು ಅವಳು ಆ ಮೂಲೆಯಲ್ಲಿಟ್ಟು ಹೊಲಿದಳು. ಕೌದಿಯ ನಾಷ್ಟಾ ಆಯಿತು, ಅವನದು ಆಗಲಿಲ್ಲ. ಅಷ್ಟು ಹೊತ್ತಿಗೆ ರೈಲು ಹೋಗಿತ್ತು. ಟಾಂಗಾದವನು ಗಾಡಿಯ ಆಕಾರ ನೋಡಿ ಕುದುರೆಗೆ ಚಾಟಿ ಬೀಸಿ ಪಾರಾಗಿದ್ದ. ನಡೆದೇ ಹೋದರಾಯಿತು ಎಂದು ಬಸಲಿಂಗಪ್ಪ ಗಾಡಿಗೆ ಕೈ ಹಚ್ಚಿದ್ದೇ ತಡ, ಬಾಳವ್ವ ಕೂಗಿದಳು:

"ಹೇ ಹೇ! ಖಾಲಿ ತೊಟ್ಟಲಾ ತೂಗಬಾರದು, ಕೂಸಿಗೆ ಹೊಟ್ಟಿ ನೋಯ್ತೈತಿ!"

"ಇದು ತೊಟ್ಟಲಾ ಅಲ್ಲಬೇ, ಗಾಡಿ."

"ಕೂಸು ಮಲಗೂದು ಹೌದೋ ಅಲ್ಲೋ?"

ಬಸಲಿಂಗಪ್ಪ ಗಾಡಿಯಿಂದ ಕೈ ತೆಗೆದ. ತಂಗೆವ್ವ ಬೆಕ್ಕನ್ನು ಮಲಗಿಸೋಣವೆಂದಳು, ಬೆಕ್ಕು ಒಪ್ಪಲಿಲ್ಲ. ಆಗ ಬಾಳವ್ವನೇ ಒಳಗಿಂದ ಖಾರ ಅರೆಯುವ ಗುಂಡುಕಲ್ಲನ್ನು ತಂದಳು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗುವ ಹಕ್ಕು ಗುಂಡುಕಲ್ಲಿಗೇ ಇರುವುದರಿಂದ ಯಾರೂ ತಕರಾರು ಎತ್ತಲಿಲ್ಲ. ನೀಲಗಂಗವ್ವ ಅದಕ್ಕೆ ಕೂಸುಗಳ ತಲೆಗೆ ತೊಡಿಸುವ ಹಸಿರು ಕುಂಚಿಗೆಯೊಂದನ್ನು ತೊಡಿಸಿ, ಜಾರದಂತೆ ಕೊರಳ ಸುತ್ತ ಬಿಗಿಯಾಗಿ ಹೊಲಿದೇಬಿಟ್ಟಳು. ಪಡದೆಯ ಲಾಡಿ ಕಟ್ಟಿದರು. ಬಸಲಿಂಗಪ್ಪ ಉರಿಬಿಸಿಲಲ್ಲಿ, ಛತ್ರಿ ಇಲ್ಲದೆ, ಕಲ್ಲಿಗೆ ನೆರಳು ಮಾಡಿಕೊಂಡು ಹೊರಟ.

ವಿಶ್ರಾಮಬಾಗ ದಾಟಿ ಮಿರಜಿನ ಸುಂಕದ ನಾಕಾ ಮುಟ್ಟುವಷ್ಟರಲ್ಲಿ ಅವನ ಅಂಗಿ ಮೈಗೆ ಅಂಟಿತ್ತು.

"ಥಾಂಬಾ!" ಎಂದು ನಾಕೇದಾರ ಬಿದಿರಿನ ಗಳ ಅಡ್ಡ ಇಳಿಸಿದ. ಸಾಂಗಲಿ ಒಬ್ಬ ರಾಜರದು, ಮಿರಜು ಇನ್ನೊಬ್ಬರದು. ನಡುವೆ ಇರುವುದು ಆರೇ ಮೈಲಿ, ಆದರೆ ನಾಕೇದಾರನ ಠೀವಿ ನೋಡಿದರೆ ಏಳು ಸಮುದ್ರ ಇವೆಯೆನ್ನಬೇಕು.

"ಖಾಲಿ ಗಾಡಿ ಇದ್ರ ಅದು ಮಾಲು. ಜಕಾತಿ ಕಾರಕೂನ ಊಟಕ್ಕ ಹೋಗ್ಯಾನ, ಇವತ್ತ ಬರೂದಿಲ್ಲ. ನಾಳೆ ಅಮಾಸಿ ಸೂಟಿ. ಗಾಡಿ ಇಲ್ಲೇ ಬಿಟ್ಟು ನಾಡದ ಬರ್ರಿ. ಒಳಗ ಕೂಸಿದ್ರ ಅದು ಸವಾರಿ, ಹಂಗ ಬಿಡ್ತೀನಿ. ಕೂಸೈತೇನು?"

ನಾಡಿದ್ದು ಎಂದರೆ ಆಷಾಢ. ಬಸಲಿಂಗಪ್ಪನ ಬಾಯಿ ಅವನನ್ನು ಕೇಳದೆಯೇ ನುಡಿಯಿತು: "ಐತ್ರಿ."

"ಯಾರ ಕೂಸು?"

"ನಂದ್ರಿ. ನನ್ನ ಸ್ವಂತ ಮಗ!"

ನಾಕೇದಾರ ಪಡದೆಯ ಸಂದಿಯಲ್ಲಿ ಕೈ ತೂರಿಸಿ ತಡವಿದ. ಅವನ ಹುಬ್ಬು ಮೇಲೇರಿತು. "ತಲಿ ಭಾಳ ಗಟ್ಟಿ ಐತಲ್ರಿ?"

"ಅವರಜ್ಜನ ಹೋಲಿಕಿರಿ."

"ಮೈ ತಣ್ಣಗೈತಿ?"

"ಶಾಂತ ಸ್ವಭಾವರಿ."

"ಅಳೂದೂ ಇಲ್ಲಲ್ಲ?"

"ಎಬ್ಬಿಸಬ್ಯಾಡ್ರಿ, ಎದ್ರ ಇಡೀ ನಾಕಾ ಏಳ್ತೇತಿ!"

ಹಿಂದೆ ನಿಂತ ಟಾಂಗಾದವರು ಹೊತ್ತಾಯಿತೆಂದು ಗದ್ದಲ ಮಾಡಿದರು. ನಾಕೇದಾರ ಗಳ ಎತ್ತಿದ. ಬಸಲಿಂಗಪ್ಪ ಉಸಿರು ಬಿಟ್ಟ. ಆ ಟಾಂಗಾಗಳಲ್ಲೊಂದರಲ್ಲಿ ಎಲೆ ಬುಟ್ಟಿಯ ಮೇಲೆ ಕೂತು, ಕಣ್ಣು ಕಿವಿ ಎರಡನ್ನೂ ಅಗಲಿಸಿದ್ದ ಜ್ಯೋತೆಪ್ಪನನ್ನು ಅವನು ನೋಡಲಿಲ್ಲ. ಬಸಲಿಂಗಪ್ಪನ ಮಗ ಅಜ್ಜಿ ಗಿರಿಜಾಬಾಯಿಯ ತೊಡೆಯ ಮೇಲೆ ಹಾಲು ಕಕ್ಕುತ್ತಿದ್ದುದನ್ನು ಜ್ಯೋತೆಪ್ಪ ಅಂದು ಬೆಳಿಗ್ಗೆಯೇ ಮಿರಜಿನಲ್ಲಿ ಕಂಡು ಬಂದಿದ್ದ. ಹಾಗಾದರೆ ಇದು ಯಾವ ಮಗ? ಟಾಂಗಾ ಬಸಲಿಂಗಪ್ಪನನ್ನು ಹಿಂದೆ ಹಾಕಿ ಧೂಳೆಬ್ಬಿಸುತ್ತ ಹೋಯಿತು.

ಮಿರಜಿನ ಮನೆಗಳು ಕಂಡಾಗ ಬಸಲಿಂಗಪ್ಪನಿಗೆ ನಾಚಿಕೆ ಹತ್ತಿತು. ಮಾವನ ಓಣಿಯಲ್ಲಿ ಕುಂಚಿಗೆ ತೊಟ್ಟ ಕಲ್ಲನ್ನು ಮೆರೆಸುವುದೆ? ದಾರಿಬದಿಯ ಬೇವಿನ ಮರದ ಬುಡದಲ್ಲಿ ಅದನ್ನು ನೆಟ್ಟಗೆ ಕೂರಿಸಿದ. ಕುಂಚಿಗೆ ಬಿಚ್ಚಲು ನೋಡಿದ; ನೀಲಗಂಗವ್ವನ ಹೊಲಿಗೆ ಜಪ್ಪಯ್ಯ ಎಂದರೂ ಬಿಚ್ಚಲಿಲ್ಲ. ತಿರುಗಿ ಬರುವಾಗ ಒಯ್ದರಾಯಿತು ಎಂದುಕೊಂಡು, ಮುಖ ಒರೆಸಿ, ಮೀಸೆ ತೀಡಿ, ಖಾಲಿ ಗಾಡಿಯೊಂದಿಗೆ ಓಣಿ ಹೊಕ್ಕ.

ಓಣಿಯ ತುಂಬ ಜನ. ತನ್ನ ಗಾಡಿ ನೋಡಲು ಇಷ್ಟು ಮಂದಿಯೆ ಎಂದು ಅವನು ಹಿಗ್ಗಿದ. ಬಾಗಿಲಲ್ಲಿ ಅತ್ತೆ ಗಿರಿಜಾಬಾಯಿ, ಪಕ್ಕದಲ್ಲಿ ಮಾವ ಮಹಾಲಿಂಗಪ್ಪ, ಹಿಂದೆ ಕೂಸನ್ನು ಎದೆಗವಚಿಕೊಂಡ ಸುನಂದಾಬಾಯಿ. ಯಾರ ಮುಖದಲ್ಲೂ ನಗುವಿಲ್ಲ.

"ಗಾಡಿ ಖಾಲಿ ಐತಿ!" ಎಂದಳು ಗಿರಿಜಾಬಾಯಿ. "ಅಳಿಯಂದಿರ, ಒಳಗಿದ್ದದ್ದು ಎಲ್ಲಿ?"

"ಅದನ್ನೇನು ಮನಿತನಕ ತರೂದು ಅಂತ ಬೇವಿನ ಗಿಡದ ಬುಡಕ ಇಟ್ಟು ಬಂದೇನ್ರಿ."

ಓಣಿಯ ಹೆಂಗಸರೆಲ್ಲ ಒಮ್ಮೆಲೇ ಎದೆ ಬಡಿದುಕೊಂಡರು.

"ಬಿಸಲಾಗ ಇಟ್ಟು ಬಂದಾನವ್ವಾ! ಕರುಳಿಲ್ಲದಂವ!"

ಮಹಾಲಿಂಗಪ್ಪ ಬಂದು ಗಾಡಿಗೆ ಅಡ್ಡ ನಿಂತ. "ನಾಕಾದಾಗ ನೂರು ಮಂದಿ ಎದುರಿಗೆ ಸ್ವಂತ ಮಗ ಅಂದೀರಂತ. ನಮ್ಮ ಮಗಳಿಗೆ ಗೊತ್ತಿಲ್ಲದಂಗ ಇನ್ನೊಂದು ಸಂಸಾರ ಮಾಡೀರೇನು?"

ಜ್ಯೋತೆಪ್ಪ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಬಸಲಿಂಗಪ್ಪನಿಗೆ ಎಲ್ಲ ಹೊಳೆಯಿತು. ಗುಂಡುಕಲ್ಲೆಂದ, ತೊಟ್ಟಿಲ ಶಾಸ್ತ್ರವೆಂದ, ನಾಕೇದಾರನೆಂದ. ಹೇಳಿದಷ್ಟೂ ಕತೆ ಕಟ್ಟಿದಂತೆಯೇ ಕೇಳಿಸಿತು. ಸುನಂದಾಬಾಯಿ ಮಾತ್ರ ಅವನನ್ನೇ ದಿಟ್ಟಿಸಿ, "ನಡೀರಿ, ತೋರಸ್ರಿ" ಎಂದಳು. ಮುಂದೆ ಬಸಲಿಂಗಪ್ಪ ಗಾಡಿ ತಳ್ಳಿದ, ಹಿಂದೆ ಇಡೀ ಓಣಿ ನಡೆಯಿತು.

ಬೇವಿನ ಮರದ ಕೆಳಗೆ ಊದಿನಕಡ್ಡಿಯ ಹೊಗೆ ಏಳುತ್ತಿತ್ತು. ಗುಂಡುಕಲ್ಲು ಇತ್ತು, ಕುಂಚಿಗೆಯೂ ಇತ್ತು. ಆದರೆ ಮೈತುಂಬ ಅರಿಶಿಣ ಕುಂಕುಮ, ಕಣ್ಣಿದ್ದಲ್ಲಿ ಎರಡು ಬಿಳಿ ಬೊಟ್ಟು, ಮುಂದೆ ಒಡೆದ ತೆಂಗಿನಕಾಯಿ. ಸಂತೆಗೆ ಹೊರಟವರು ಸುತ್ತ ಕೈಮುಗಿದು ಕೂತಿದ್ದರು. ಮ್ಹೈಸಾಳದಿಂದ ಕಾಯಿಪಲ್ಯ ತರುವ ಮಾಯವ್ವ ಬಂದಬಂದವರಿಗೆಲ್ಲ ಹೇಳುತ್ತಿದ್ದಳು: "ದಿನಾ ಇದ ದಾರಿಲೆ ಬರ್ತೀನಿ, ಮುಂಜಾನಿ ಏನೂ ಇರಲಿಲ್ಲ. ಈಗ ನೋಡ್ತೀನಿ, ತಾಯಿ ಸಟವಾಯಿ ತಾನಾಗಿ ಎದ್ದಾಳ! ಕೂಸುಗಳ ಹಣೆಬರಾ ಬರಿಯೂ ತಾಯಿ, ಕೂಸಿನ ಕುಂಚಿಗಿ ತೊಟ್ಟ ಬಂದಾಳ!"

"ಇದು ನಮ್ಮವ್ವನ ಗುಂಡಕಲ್ಲರೀ!" ಎಂದ ಬಸಲಿಂಗಪ್ಪ.

ಒಬ್ಬ ರೈತ ಬಾರುಕೋಲು ಹಿಡಿದು ಮೆಲ್ಲಗೆ ಎದ್ದ. "ಯಾವಂವ ಅಂವಾ, ತಾಯೀನ ಗುಂಡಕಲ್ಲ ಅನ್ನಾಂವ?"

ಬಸಲಿಂಗಪ್ಪ ಆಚೆ ನೋಡಿದ, ಈಚೆ ನೋಡಿದ. ಕಲ್ಲು ಎಂದರೆ ಈ ಜನ ಬಿಡುವುದಿಲ್ಲ, ದೇವರು ಎಂದರೆ ಮಾವ ಬಿಡುವುದಿಲ್ಲ. ಅವನಿಗೆ ಅಳುವೇ ಬಂತು.

ಆಗ ಸುನಂದಾಬಾಯಿ ಕೂಸನ್ನು ತಾಯಿಯ ಕೈಗೆ ಕೊಟ್ಟು ಮುಂದೆ ಬಂದಳು. ಕಲ್ಲಿನ ಹತ್ತಿರ ಬಗ್ಗಿದಳು. ಒಂದು ಗಳಿಗೆ ಚೆನ್ನಾಗಿ ನೋಡಿದಳು. ಆಮೇಲೆ ಸೆರಗು ಹೊದ್ದು ಉದ್ದಕ್ಕೆ ಅಡ್ಡಬಿದ್ದಳು.

"ಅಪ್ಪಾ, ಇವರು ಸುಳ್ಳ ಹೇಳಿಲ್ಲ" ಎಂದಳು ಎದ್ದು. "ಇವರ ಗಾಡ್ಯಾಗ ಕುಂತ ಬಂದಾಕಿ ಇಕೀನ. ಇವರ ಕಣ್ಣಿಗೆ ಕಲ್ಲಾಗಿ ಕಂಡಾಳ, ಅವರ ತಪ್ಪೇನೈತಿ? ನನ್ನ ಕೂಸಿನ ಸಲುವಾಗಿ ಸಾಂಗಲಿಯಿಂದ ಇಷ್ಟು ದೂರ ಬಂದು ಇಲ್ಲೇ ಕುಂತಾಳಂದ್ರ ಅರ್ಥ ಏನು? ಆಷಾಢ ಮುಗಿಯೂತನಕ ಕೂಸು ಈ ಊರ ಬಿಡಬಾರದು ಅಂತ ಅರ್ಥ."

ಗಿರಿಜಾಬಾಯಿ ಅಳಿಯನ ಹಣೆಗೂ ಕುಂಕುಮ ಹಚ್ಚಿದಳು. ಮಹಾಲಿಂಗಪ್ಪ ಎಲ್ಲರೆದುರು ಅವನ ಕೈ ಹಿಡಿದು ತಪ್ಪಾಯಿತೆಂದ. ಬಾರುಕೋಲಿನವನು ಕೈಮುಗಿದ. ಮಾಯವ್ವನಿಗೆ ಮತ್ತೊಂದು ಹೊಳೆಯಿತು: ತಾಯಿ ಕುಂತು ಬಂದ ಗಾಡಿಯಲ್ಲಿ ಇನ್ನು ಮನುಷ್ಯರ ಕೂಸು ಮಲಗಬಹುದೆ? ನಾಲ್ಕು ಜನ ಸೇರಿ ಕಲ್ಲನ್ನು ಎತ್ತಿ ಗಾದಿಯ ಮೇಲೆ ಇಟ್ಟರು, ಕೌದಿ ಹೊದಿಸಿದರು, ರುಮಾಲಿನ ಪಡದೆ ಸರಿಸಿ ಕಟ್ಟಿದರು, ಗಾಲಿಗಳಿಗೆ ಅರಿಶಿಣ ಬಳಿದರು. ಗಾಡಿ ಬಲು ಚೆನ್ನಾಗಿ ಕಾಣುತ್ತಿತ್ತು. ಬಸಲಿಂಗಪ್ಪ ಏನೋ ಹೇಳಲು ಬಾಯಿ ತೆರೆದ.

"ಸುಮ್ನಿರ್ರಿ" ಎಂದು ಸುನಂದಾಬಾಯಿ ಅವನ ಕಿವಿಯಲ್ಲಿ ಉಸುರಿದಳು. "ಮದುವ್ಯಾದಾಗಿಂದ ದಿನಾ ಆ ಕಲ್ಲಿಲೆ ಖಾರ ಅರದೇನಿ, ನನಗ ಗುರುತ ಸಿಗೂದಿಲ್ಲೇನು? ಇನ್ನೊಂದು ತಿಂಗಳ ಆರಾಮ ಇದ್ದು ಬರ್ತೀನಿ. ಶ್ರಾವಣಕ್ಕ ಕರಿಯಾಕ ಬರೂದ್ರೊಳಗ ಮನ್ಯಾಗ ಇದಕ್ಕಿಂತ ಹಗರಂದು ಒಂದು ಗುಂಡಕಲ್ಲ ತಂದಿಡ್ರಿ."