ಜೋಳದ ಶ್ರುತಿ

ಭೋಜ ಎಂಬ ಊರಿನ ಭೂಪಾಲನಿಗೆ ಅಂದು ಒದಗಿದ ಫಜೀತಿಗೆಲ್ಲ ಮೂಲ ಕಡಲೆಬೇಳೆ.

ಐವತ್ತು ದಾಟಿದ ಮನುಷ್ಯ, ಕಬ್ಬಿನ ಹೊಲದ ಒಡೆಯ, ದಿನವೂ ಬಸದಿಗೆ ಹೋಗಿಬಂದೇ ಬಾಯಿಗೆ ನೀರು ಹಾಕುವವನು. ಅಂಥವನು ಗಿಟಾರಿನ ಮೋಹಕ್ಕೆ ಹೇಗೆ ಬಿದ್ದನೋ ಜಿನನೇ ಬಲ್ಲ. ಹನ್ನೊಂದು ವರ್ಷದ ಹಿಂದೆ ಮಿರಜಿನಿಂದ ಹಳೆಯದೊಂದನ್ನು ಹೊತ್ತು ತಂದ. ಗುರುವಿಲ್ಲ, ಮೊಬೈಲಿನಲ್ಲಿ ನೋಡಿ ಕಲಿತ. ಅಲ್ಲಿಯವರ ಇಂಗ್ಲಿಷು ತಿಳಿಯದ್ದರಿಂದ ಬೆರಳಿನ ಪಟ್ಟುಗಳಿಗೆ ತಾನೇ ಹೆಸರಿಟ್ಟ. ಮೂರು ಬೆರಳು ಸಾಲಾಗಿ ಕೂತರೆ 'ಕಬ್ಬಿನ ಸಾಲು'. ಚದುರಿ ನಿಂತರೆ 'ಮೇಯುವ ಆಡು'. ತೋರುಬೆರಳು ಆರೂ ತಂತಿಗಳ ಮೇಲೆ ಅಡ್ಡ ಮಲಗಿದರೆ 'ಒಡ್ಡು'. ಒಡ್ಡು ಹಾಕುವಾಗ ಬೆರಳು ಉರಿಯುತ್ತಿತ್ತು. ಹೊಲದಲ್ಲಾದರೂ ಒಡ್ಡು ಹಾಕುವುದು ಸುಲಭವೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಗಿಟಾರನ್ನು ಹೆಗಲಿಗೆ ಹಾಕಲು ತೀರಿಹೋದ ಎತ್ತಿನ ಗೆಜ್ಜೆಪಟ್ಟಿ. ಅದರಲ್ಲಿ ಒಂದೇ ಗೆಜ್ಜೆ ಉಳಿದಿತ್ತು. ಅದು ತನಗೆ ನೆನಪಾದಾಗ ನುಡಿಯುತ್ತಿತ್ತು.

ಶ್ರುತಿಯ ಮಾತು ಬೇರೆ. ಮನೆಯ ಗೋಡೆಗೆ ಹತ್ತಿಕೊಂಡೇ ಲಗಮಪ್ಪನ ಹಿಟ್ಟಿನ ಗಿರಣಿ. ಅದು ಜೋಳ ಬೀಸುವಾಗ 'ಹೂಂ...' ಎಂದು ಹಿಡಿಯುವ ಸ್ವರವೇ ಭೂಪಾಲನ ಷಡ್ಜ. ಗೋಧಿ ಹಾಕಿದರೆ ಆ ಸ್ವರ ಕೂದಲೆಳೆಯಷ್ಟು ಏರುತ್ತಿತ್ತು. ಕಡಲೆಬೇಳೆ ಹಾಕಿದರೆ ಬೇಲಿ ಜಿಗಿದ ಹೋತದಂತೆ ಎತ್ತಲೋ ಓಡುತ್ತಿತ್ತು. ಜೋಳದ ಗುಂಯ್‌ಗಾನದಲ್ಲಿ ತಂತಿ ಬೆರೆಸಿ ಕಣ್ಣು ಮುಚ್ಚಿದರೆ ಮುಗಿಯಿತು, ಅವನು ಭೋಜದಲ್ಲಿ ಇರುತ್ತಿರಲಿಲ್ಲ; ಹೊಳೆಯ ಮೇಲಿನ ಮಂಜಿನಲ್ಲಿ ಕಾಲೂರದೆ ನಡೆಯುತ್ತಿದ್ದ. ಅಷ್ಟರಲ್ಲಿ ಲಗಮಪ್ಪ, ಕಾಳು ಇಳಿಯಲೆಂದು ಗಿರಣಿಯ ಮೇಲಿನ ಡಬ್ಬಕ್ಕೆ ಕೋಲಿನಿಂದ ಡಬಡಬ ಬಡಿದು ಅವನನ್ನು ನೆಲಕ್ಕಿಳಿಸುತ್ತಿದ್ದ.

"ಶ್ರುತಿ ಹಿಡಿಯಾಕ ಮೊಬೈಲಿನ್ಯಾಗ ಆ್ಯಪ್ ಐತಿ ಅಪ್ಪಾ" ಎಂದು ಮಗಳು ಪ್ರಾಜಕ್ತಾ ಹೇಳಿದ್ದಳು.

"ಅದರಾಗ ಜ್ವಾಳ ಇಲ್ಲವಾ" ಎಂದಿದ್ದ ಭೂಪಾಲ.

ಆ ದಿನ ಬೆಳಿಗ್ಗೆ ಅಥಣಿಯಿಂದ ಫೋನು ಬಂತು. ಮದುವೆಗಳಲ್ಲಿ ಆರ್ಕೆಸ್ಟ್ರಾ ನಡೆಸುವ ಅಮೋಲ.

"ಕಾಕಾ, ನಮ್ಮ ಗಿಟಾರದಾಂವ ಕೈ ಮುರಕೊಂಡ ಕುಂತಾನ್ರಿ. ನಾಕ ಗಂಟೆಕ್ಕ ಬಂದು ನಿಮ್ಮದು ಒಮ್ಮಿ ಕೇಳ್ತೀನಿ. ಜಮೀತಂದ್ರ, ತುಳಸಿ ಲಗ್ನ ಆದ ಮ್ಯಾಲಿನ ಮದುವಿ ಎಲ್ಲಾ ನಿಮ್ಮವ."

ಒಮ್ಮೆ, ಒಂದೇ ಒಂದು ಸಲ, ದೀಪದ ಬೆಳಕಿನಲ್ಲಿ ವೇದಿಕೆಯ ಮೇಲೆ ನಿಲ್ಲಬೇಕೆಂಬುದು ಭೂಪಾಲನ ಹನ್ನೊಂದು ವರ್ಷದ ಕನಸು. ಸಂತೋಷದ ಭರದಲ್ಲಿ ಹಳೆಯ ತಂತಿಗಳನ್ನು ಕಿತ್ತು ಆರೂ ಹೊಸವನ್ನು ಹಾಕಿದ. ಶ್ರುತಿ ಹಿಡಿಯಲು ಗೋಡೆಗೆ ಕಿವಿಯಿಟ್ಟ. ಗಿರಣಿ ಕಿರುಚುತ್ತಿತ್ತು.

ದೀಪಾವಳಿಗೆ ವಾರ ಉಳಿದಿತ್ತು. ಊರ ಹೆಂಗಸರೆಲ್ಲ ಹಬ್ಬದ ಲಾಡು-ಉಂಡಿಗೆಂದು ಕಡಲೆಬೇಳೆ ಹೊತ್ತು ಗಿರಣಿಯ ಮುಂದೆ ಪಾಳಿ ಹಚ್ಚಿದ್ದರು.

"ಯಾರರ ಜ್ವಾಳ ತಂದೀರೇನ್ರೆವಾ?" ಭೂಪಾಲ ಕೇಳಿದ.

"ಹಬ್ಬದಾಗ ಎಂಥಾ ಜ್ವಾಳೋ ಭೂಪಾಲಾ?" ಎಂದಳು ಮುದುಕಿ ಚಂದ್ರಮತಿ.

"ಮನ್ಯಾಗ ರೊಟ್ಟಿ ಹಾಕಿಲ್ಲ ಕಾಣ್ತೈತಿ" ಎಂದು ಅಕ್ಕುತಾಯಿ ಕಿಸಕ್ಕೆಂದಳು. "ಸುಗಂಧಾ ಸಿಟ್ಟಾಗ್ಯಾಳೇನ?"

ಸುಗಂಧಾ ಸಿಟ್ಟಾದದ್ದು ಆಮೇಲೆ, ಗಂಡ ಮನೆಯ ಜೋಳದ ಚೀಲವನ್ನೇ ಬೆನ್ನಿಗೇರಿಸಿದಾಗ. "ಏನ್ರೀ! ಮೂರ ತಿಂಗಳ ಕಾಳದು! ಹಿಟ್ಟು ಎಂಟ ದಿನಕ್ಕ ಕಹಿ ಆಗ್ತೈತಿ!"

"ಕಹಿ ಆದ್ರ ಆಗ್ಲಿ, ನಾ ತಿಂತೀನಿ" ಎಂದು ಓಡಿದ.

"ಪಾಳಿಲೆ ಬರ್ರಿ ಭೂಪಾಲಣ್ಣಾ" ಎಂದ ಲಗಮಪ್ಪ.

ಪಾಳಿ ಬಿಟ್ಟುಕೊಡಲು ಚಂದ್ರಮತಿ, ಆಗಲೇ ಬೀಸಿದ್ದ ತನ್ನ ಮೊದಲ ಡಬ್ಬಿಯ ಹಿಟ್ಟನ್ನು ಮನೆ ಮುಟ್ಟಿಸಲು ಹೇಳಿದಳು. ಅಕ್ಕುತಾಯಿಗೂ ಅದೇ ಬೇಕಾಯಿತು. ಹೀಗೆ ಏಳು ಮನೆಗಳಿಗೆ ಹಿಟ್ಟು ಹೊತ್ತು ತಿರುಗಿ ಬರುವಷ್ಟರಲ್ಲಿ ಕರೆಂಟು ಹೋಯಿತು. ಭೂಪಾಲ ಮನೆಯಿಂದ ಗಿಟಾರನ್ನು ತಂದು, ಚೀಲದ ಮೇಲೆ ಕೂತು ಕಣ್ಣು ಮುಚ್ಚಿ ನಮೋಕಾರ ಮಂತ್ರ ಹೇಳತೊಡಗಿದ. ಇಪ್ಪತ್ತೇಳನೆಯ ಸಲಕ್ಕೆ ಕರೆಂಟು ಬಂತು. ಅದರ ಹಿಂದೆಯೇ ಅಮೋಲನ ಮೋಟರ್‌ಸೈಕಲ್ಲೂ ಬಂತು.

"ಭೂಪಾಲ ಕಾಕಾ ಎಲ್ಲದಾರ್ರಿ?"

ಚೀಲದ ಮೇಲೆ ಹಿಟ್ಟು ಮೆತ್ತಿಕೊಂಡು ಕೂತಿದ್ದ ಬೆಳ್ಳನೆಯ ಆಕೃತಿಯೊಂದು ಕಣ್ಣು ಪಿಳುಕಿಸಿತು. "ನಾನಽ. ಇಲ್ಲೇ ಕೇಳ್ರಿ, ಹೊರಗ ಬಂದ್ರ ಸುರ ತಪ್ತೈತಿ."

ಗಿರಣಿಗೆ ಜೋಳ ಬಿತ್ತು. 'ಹೂಂ...' ಎಂದು ಆ ಹಳೆಯ ಸ್ವರ ತಾಯಿಯಂತೆ ಮಡಿಲು ಹಾಸಿತು. ತಂತಿಗಳು ಒಂದೊಂದಾಗಿ ಅದರಲ್ಲಿ ಬಂದು ಮಲಗಿದವು. ಭೂಪಾಲ ಗಿಟಾರನ್ನು ಕಣ್ಣಿಗೊತ್ತಿಕೊಂಡು ಶುರುಮಾಡಿದ. ಕಬ್ಬಿನ ಸಾಲು ತೂಗಿತು, ಆಡು ಮೇಯ್ದವು, ಒಡ್ಡು ದಾಟಿ ನೀರು ಹರಿಯಿತು. ಹಾರುವ ಹಿಟ್ಟು ಹೊಳೆಯ ಮಂಜಾಯಿತು. ಆ ಮಂಜಿನೊಳಗಿಂದ ತೀರಿಹೋದ ಎತ್ತು ಗೆಜ್ಜೆ ಅಲುಗಿಸುತ್ತ ನಡೆದುಬಂದಂತಾಯಿತು. ಲಗಮಪ್ಪನ ಡಬಡಬ ಕೂಡ ಇಂದು ಅವನನ್ನು ಕೆಳಗಿಳಿಸಲಿಲ್ಲ.

ಕಣ್ಣು ತೆರೆದರೆ ಅಮೋಲನ ಕಣ್ಣು ಒದ್ದೆ.

"ಹೆಂಗನಸ್ತು?" ಭೂಪಾಲ ಮುಂದಕ್ಕೆ ಬಾಗಿ ಕೇಳಿದ.

"ಕೈ ಛಲೋ ಐತ್ರಿ ಕಾಕಾ." ಅಮೋಲ ಮೊಬೈಲಿನಲ್ಲಿ ಕೀಬೋರ್ಡು ತೆರೆದು ಒಂದು ಬಿಳಿ ಮನೆ, ಒಂದು ಕರಿ ಮನೆ ಒತ್ತಿ ನೋಡಿದ. "ಆದ್ರ ನಿಮ್ಮ ಸುರ ಬಿಳಿ ಮನ್ಯಾಗೂ ಇಲ್ಲ, ಕರಿ ಮನ್ಯಾಗೂ ಇಲ್ಲ. ಎರಡರ ನಡುವಿನ ಸಂದ್ಯಾಗ ನಿಂತೈತಿ. ನಮ್ಮ ಕೀಬೋರ್ಡಿನಾಂವಗ ಹೊಂದೂದಿಲ್ರಿ." ಅವನು ಕಣ್ಣೊರೆಸಿಕೊಂಡ. "ಹಿಟ್ಟ ಕಣ್ಣಾಗ ಬಿತ್ತ ನೋಡ್ರಿ. ಅಂದಂಗ, ಡಬ್ಬಾ ಬಡಿಯಾಕತ್ತಿದ್ದಾಂವ ಯಾರು?"

"ನಾನ್ರಿ" ಎಂದ ಲಗಮಪ್ಪ, ಕೋಲನ್ನು ಬೆನ್ನ ಹಿಂದೆ ಅಡಗಿಸುತ್ತ.

"ಎಂಥಾ ಲಯಾ ಮಾರಾಯಾ! ಎಲ್ಲಿ ಕಲತಿ?"

"ಎಲ್ಲೂ ಇಲ್ರಿ. ಹನ್ನೊಂದ ವರ್ಷ ಆತು, ಅಣ್ಣಾನ ಗಿಟಾರ ಗ್ವಾಡಿ ಆಚಿಂದ ಕೇಳ್ತಿತ್ತು. ಅದಕ್ಕ ಹೊಂದಿಸಿ ಬಡೀತಿದ್ನಿ."

ಲಗಮಪ್ಪ ಅಂದೇ ತಾಲೀಮಿಗೆಂದು ಅಮೋಲನ ಬೆನ್ನಿಗೆ ಕೂತು ಅಥಣಿಗೆ ಹೋದ. ಗಿರಣಿಗೆ ಬೀಗ ಬಿತ್ತು. ಉಂಡಿಗೆ ಹಿಟ್ಟಿಲ್ಲದೆ ಉಳಿದವರೆಲ್ಲ ಭೂಪಾಲನನ್ನು ಬೈದು ಮನೆಗೆ ನಡೆದರು.

ಹೊತ್ತು ಮುಳುಗುವ ಮೊದಲೇ ಭೂಪಾಲ ಊಟ ಮುಗಿಸಿದ. ಗುಡ್ಡದಂತೆ ಬಿದ್ದ ಜೋಳದ ಹಿಟ್ಟಿನ ಮಗ್ಗುಲಲ್ಲಿ ಕೂತು ಗಿಟಾರನ್ನು ತೊಡೆಗೇರಿಸಿದ. ಗೋಡೆಯ ಆಚೆ ಮೌನ. ಆ ಮೌನದಲ್ಲೇ ಮೆಲ್ಲಗೆ ನುಡಿಸಿದ. ಸುಗಂಧಾ ಒಲೆ ಬಿಟ್ಟು ಬಂದು ಹೊಸ್ತಿಲಲ್ಲಿ ಕೂತಳು. ನುಡಿಸುವುದು ಮುಗಿಯುವವರೆಗೂ ಕದಲಲಿಲ್ಲ.

"ಇಷ್ಟ ವರ್ಷ ಗಿರಣಿ ಗದ್ದಲದಾಗ ನಿಮ್ಮ ಗಿಟಾರ ನನಗ ನೆಟ್ಟಗ ಕೇಳಸ್ತಿದ್ದಿಲ್ರಿ" ಎಂದಳು. "ಇವತ್ತ ಸ್ವಚ್ಛ ಕೇಳಸ್ತು."

ಭೂಪಾಲನ ಎದೆ ತುಂಬಿ ಬಂತು. ಸಾವಿರ ದೀಪದ ವೇದಿಕೆ ಯಾಕೆ, ಇಷ್ಟು ಸಾಲದೇ? "ಖರೇನ ಸುಗಂಧಾ?"

"ಖರೇನ್ರಿ." ಆಕೆ ಬೀಗ ಬಿದ್ದ ಗಿರಣಿಯ ಕಡೆಗೆ ನೋಡಿ ನಿಟ್ಟುಸಿರಿಟ್ಟಳು. "ಲಗಮಪ್ಪಣ್ಣ ಯಾವಾಗ ಬರ್ತಾನ್ರಿ?"