ಬೆಲ್ಟಿಲ್ಲದ ತೋಳನ ವಿಷಯವಾಗಿ ಬ್ರೂನೋ ಅವರಲ್ಲಿ ಅರಿಕೆ

ಮಾನ್ಯ ಬ್ರೂನೋ ಅವರೇ,

ತಮಗೂ, ತಮ್ಮ ಕೊರಳ ಬೆಲ್ಟಿಗೂ, ಆ ಬೆಲ್ಟಿನ ಇನ್ನೊಂದು ತುದಿಯಲ್ಲಿ ಏದುಸಿರು ಬಿಡುತ್ತಾ ಬರುವ ತಮ್ಮ ಯಜಮಾನರಾದ ಕೃಷ್ಣಮೂರ್ತಿಯವರಿಗೂ, ಚಳ್ಳಕೆರೆಯಾಚೆಯ ಕಮರದ ಮರಗಳ ಕಾಡಿನ ಗೇಟಿನಲ್ಲಿ ಟೀ, ಮಂಡಕ್ಕಿ, ಮೆಣಸಿನಕಾಯಿ ಮಾರುವ ಅನ್ನಪೂರ್ಣಮ್ಮಳ ಅನಂತ ನಮಸ್ಕಾರಗಳು. ಕಾಡಿನ ಬಳಕೆದಾರರ ಸಮಿತಿಗೆ ಅವರು ಅಧ್ಯಕ್ಷರಾಗಿರುವಾಗ ಪತ್ರ ತಮಗೇಕೆ ಎಂದು ಕೇಳಬಹುದು. ಅವರಿಗೆ ಏನು ಹೇಳಹೋದರೂ ಮೊಬೈಲಿನಲ್ಲಿ ಇಂದೆಷ್ಟು ಹೆಜ್ಜೆಯಾಯಿತೆಂದು ನೋಡುತ್ತಾ ಮುಂದೆ ಹೋಗಿಬಿಡುತ್ತಾರೆ; ತಾವಾದರೋ ತಲೆ ಓರೆ ಮಾಡಿಕೊಂಡು ಪೂರ್ತಿ ಕೇಳಿಸಿಕೊಳ್ಳುತ್ತೀರಿ.

ಕಾಡಿಗೆ ಬರುವ ಪ್ರತಿ ನಾಯಿಗೂ ಬೆಲ್ಟಿರಬೇಕು, ಬೆಲ್ಟಿನ ತುದಿ ಯಜಮಾನರ ಕೈಯಲ್ಲಿರಬೇಕು, ತಪ್ಪಿದರೆ ಬೀದಿನಾಯಿಯೆಂದು ಹಿಡಿಸಲಾಗುವುದು ಎಂದು ಸಮಿತಿಯವರು ಗೇಟಿಗೆ ಬೋರ್ಡು ಹಾಕಿಸಿದ್ದಾರೆ. ಈ ಘನಕಾರ್ಯಕ್ಕೆ ಕಾರಣಕರ್ತರು ತಾವೇ. ಹೋದ ತಿಂಗಳು ತಾವು ಬೆಲ್ಟು ಬಿಡಿಸಿಕೊಂಡು ಮೂಗಮ್ಮನ ಕುರಿಮಂದೆಯೊಳಗೆ ನುಗ್ಗಿ, ಕುರಿಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಅವಳ ನಾಯಿ ಕೆಂಚ ಅಡ್ಡ ನಿಂತು ಒಂದೇ ಒಂದು ಸಲ ಗುರ್ರೆಂದದ್ದಕ್ಕೆ ತಾವು ನನ್ನ ಬೆಂಚಿನ ಕೆಳಗೆ ಅವಿತುಕೊಂಡಿರಲ್ಲ, ಅಂದೇ ಸಂಜೆ ಸಮಿತಿ ಸೇರಿತು. ತಪ್ಪೆಲ್ಲ ಗುರ್ರೆಂದವನದೇ ಎಂದು ತೀರ್ಮಾನವಾಯಿತು.

ಮಂದೆಯ ರೀತಿನೀತಿ ತಮ್ಮಂಥ ಬಡಾವಣೆಯವರಿಗೆ ತಿಳಿಯದು, ಹೇಳುತ್ತೇನೆ. ದೊಡ್ಡಉಳ್ಳಾರ್ತಿ ಕಡೆಯ ಮೂಗಮ್ಮ ಕಾಡಿನಾಚೆಯ ಗೋಕಟ್ಟೆಯಲ್ಲಿ ಕುರಿಗಳಿಗೆ ನೀರು ಕುಡಿಸಬೇಕಾದರೆ ಈ ಕಾಡನ್ನೇ ದಾಟಬೇಕು, ಉಳಿದ ದಾರಿಗಳಿಗೆಲ್ಲ ಬೇಲಿ ಬಂದಿದೆ. ಅವಳು ಮುಂದೆ ನಡೆಯುತ್ತಾಳೆ, ಕುರಿಗಳು ಅವಳ ದನಿ ಹಿಡಿದು ಬರುತ್ತವೆ, ಕೆಂಚ ಎಲ್ಲರಿಗಿಂತ ಹಿಂದೆ ಕುಂಟುವ ಮರಿಗಳ ಜತೆ ಬರುತ್ತಾನೆ, ಏಕೆಂದರೆ ತೋಳ ಬರುವುದು ಹಿಂದಿನಿಂದ. ಆದರೆ ಗಾರ್ಡ್ ಜಂಬುಲಿಂಗಪ್ಪ "ಬೋರ್ಡಲ್ಲಿ ಬರ್ದೈತಲ್ಲಮ್ಮಾ, ನಾನೇನ್ ಮಾಡ್ಲಿ?" ಎಂದು ಕೈಚೆಲ್ಲಿದ್ದರಿಂದ ಆ ಪುಣ್ಯಾತ್ಗಿತ್ತಿ ಕೆಂಚನ ಕೊರಳಿಗೆ ಹಗ್ಗ ಹಾಕಿ ತುದಿ ಹಿಡಿದಳು. ಅವಳು ಮುಂದಕ್ಕೆ, ಅವನು ಹಿಂದಕ್ಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ವಾಯುವಿಹಾರಿಗಳು ಶಿಸ್ತೆಂದರೆ ಹೀಗಿರಬೇಕೆಂದು ಫೋಟೋ ತೆಗೆದುಕೊಂಡರು.

ಆ ವಾರವೇ ತೋಳ ಬಂತು. ಅದರ ಕೊರಳಲ್ಲಿ ಬೆಲ್ಟಿರಲಿಲ್ಲ, ಜತೆಯಲ್ಲಿ ಯಜಮಾನರಿರಲಿಲ್ಲ, ಬೋರ್ಡಿನ ಕಡೆ ಕಣ್ಣೆತ್ತಿಯೂ ನೋಡದೆ ಮಂದೆಯ ಬಾಲದಿಂದ ಒಂದು ಮರಿಯನ್ನು ಕಚ್ಚಿಕೊಂಡು ಹೋಯಿತು. ಕೆಂಚ ಹಗ್ಗ ಕಿತ್ತುಕೊಂಡು ಅಟ್ಟಿಸಿಕೊಂಡು ಹೋಗಿ, ಸೋತು ಮರಳಿ ಬರುವಾಗ, ಬೆಲ್ಟಿಲ್ಲದ ನಾಯಿಯೆಂದು ಅವನನ್ನು ಗೇಟಿನಲ್ಲೇ ಹಿಡಿದು ವ್ಯಾನಿಗೆ ಹಾಕಿದರು. ಮೂಗಮ್ಮ ಕುರಿಗಳನ್ನೂ ಮರೆತು ವ್ಯಾನಿನ ಹಿಂದೆ ಓಡಿದ್ದನ್ನು ಕಣ್ಣಾರೆ ಕಂಡೆ. ಅಂದು ಎಣ್ಣೆಗೆ ಬಿಟ್ಟ ಮೆಣಸಿನಕಾಯಿಗಳೆಲ್ಲ ಕರಕಲಾದವು.

ಆದಕಾರಣ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ನಿಯಮ ಎಲ್ಲರಿಗೂ ಒಂದೇ ಆದ್ದರಿಂದ ಸಮಿತಿಯ ಸದಸ್ಯರು ಖುದ್ದಾಗಿ ಹೋಗಿ ತೋಳನಿಗೂ ಬೆಲ್ಟು ತೊಡಿಸಿ, ಬೋರ್ಡನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳುವಂತೆ ಮಾಡಬೇಕು. ಅಲ್ಲಿಯವರೆಗೆ ಮಂದೆಯ ಹಿಂದೆ ತಾವೇ ನಡೆಯುವ ಕೃಪೆ ಮಾಡಬೇಕು, ಬಿಸ್ಕತ್ತಿನ ಜವಾಬ್ದಾರಿ ನನ್ನದು. ಬೆಲ್ಟು ಹಿಡಿದುಕೊಂಡು ಕೃಷ್ಣಮೂರ್ತಿಯವರೂ ಬರಬೇಕಾಗುವುದರಿಂದ, ತೋಳ ಬಂದಾಗ ಯಾರು ಯಾರನ್ನು ಎಳೆದುಕೊಂಡು ಓಡಬೇಕೆಂದು ಮೊದಲೇ ಮಾತಾಡಿಕೊಂಡಿರುವುದು ಕ್ಷೇಮ. ಇದಾವುದೂ ಆಗದಿದ್ದರೆ, ಬೆಳಿಗ್ಗೆ ತಾವು, ಹೊತ್ತೇರಿದ ಮೇಲೆ ಮಂದೆ ಎಂದು ಕಾಡನ್ನು ಹಂಚಿಕೊಂಡು, ಕೆಂಚನನ್ನು ಬಿಡಿಸಿಕೊಡಿ. ನಾಯಿಯಿಲ್ಲದೆ ಮೂಗಮ್ಮ ಮಂದೆಯನ್ನು ಹಟ್ಟಿಯಿಂದ ಹೊರಗೆ ತರುತ್ತಿಲ್ಲ.

ಗೇಟಿನ ಒಳಗೂ ಹೊರಗೂ ತಮ್ಮ ವಿಶ್ವಾಸಿ,
ಅನ್ನಪೂರ್ಣಮ್ಮ

ಮರೆಯುವ ಮುನ್ನ: ಈ ಪತ್ರವನ್ನು ಗೇಟಿಗೆ ಅಂಟಿಸುವಷ್ಟರಲ್ಲಿ ಇಂದು ಬೆಳಿಗ್ಗೆ ತಮ್ಮ ವಾಯುವಿಹಾರದ ದಾರಿಯಲ್ಲೇ ತೋಳ ಕಾಣಿಸಿಕೊಂಡಿತು. ತಾವಿಬ್ಬರೂ ಎಷ್ಟು ಬೇಗ ಗೇಟು ದಾಟಿದಿರೆಂಬುದನ್ನು ನಾನು ಯಾರಿಗೂ ಹೇಳುವುದಿಲ್ಲ. ಮಧ್ಯಾಹ್ನದೊಳಗೆ ಕೃಷ್ಣಮೂರ್ತಿಯವರೇ ಓಡಾಡಿ ಕೆಂಚನನ್ನು ಬಿಡಿಸಿ ತಂದು, ನಾಳೆಯಿಂದ ವಾಯುವಿಹಾರಿಗಳ ಕಾವಲಿಗೂ ಅವನನ್ನು ಕಳಿಸಿಕೊಡಬೇಕೆಂದು ಮೂಗಮ್ಮನಲ್ಲಿ ಕೈಮುಗಿದು ಕೇಳಿದರು. ಅವನನ್ನು ಕಟ್ಟಿ ತಂದಿದ್ದ ಹಗ್ಗ ಬಿಚ್ಚುತ್ತಾ ಅವಳು ಹೇಳಿದ್ದನ್ನು ತಮಗೂ ತಿಳಿಸಿಬಿಡುತ್ತೇನೆ: "ಆಗ್ಲಿ ಬಿಡ್ರಿ ಸ್ವಾಮಿ, ಬರ್ತಾನೆ. ಆದ್ರೆ ಅವ್ನಿಗೆ ಮಂದೆ ಹಿಂದೆ ನಡಿಯೋದೊಂದೇ ಗೊತ್ತಿರೋದು. ನೀವೆಲ್ಲಾ ಕುರಿ ಜತೆ ಸೇರ್ಕಂಡು ಮುಂದ್ ಮುಂದೆ ನಡೀರಿ."