ಟಿವಿಯೊಳಗಿನ ಹಗೇವು, ಬಾಗಿಲಿಗೆ ಕಂಬಳಿ

ಕತ್ತಲದಾಗ ವ್ಯಾಪಾರ ಮಾಡಬ್ಯಾಡ ಅಂತ ಹಿರಿಯಾರು ಹೇಳ್ಯಾರ. ನಾ ಕತ್ತಲಾನ ಮಾರಾಕ ಕುಂತಾಂವ, ಇಂಥಾ ಫಜೀತಿ ನನಗ ಆಗದ ಇನ್ಯಾರಿಗೆ ಆಗಬೇಕು? ಒಂದು ಮುಗೀತು ಅಂತ ಉಸಿರು ಬಿಡೂದ್ರಾಗ ಇನ್ನೊಂದು ಬಂದು ಬಾಗಿಲದಾಗ ನಿಂತಿರ್ತಿತ್ತು.

ತೊಂಬತ್ತರ ದಶಕದ ಮಾತು. ಸಿಂಧನೂರಿನ ಬಸ್‌ಸ್ಟ್ಯಾಂಡ್ ಹಿಂದ ಒಂದು ಸಣ್ಣ ಮಳಿಗಿ ಹಿಡದು ವಿಡಿಯೊ ಗೇಮಿನ ಅಂಗಡಿ ಇಟ್ಟಿದ್ದೆ. ಒಂದು ಕಲರ್ ಟಿವಿ, ಒಂದು ಗೇಮಿನ ಡಬ್ಬಿ, ನಾಕೈದು ಕ್ಯಾಸೆಟ್. ಕಾರಿನ ಆಟ ಇತ್ತು, ಗುಂಡು ಹಾರಸೋ ಆಟ ಇತ್ತು, ಆದ್ರ ಮಂದಿ ಮುಗಿಬೀಳ್ತಿದ್ದದ್ದು ಒಂದಕ್ಕ. ಅದರ ಮ್ಯಾಲ ಜಪಾನಿ ಅಕ್ಷರ, ಓದಾಕ ಯಾರಪ್ಪಗೂ ಬರ್ತಿದ್ದಿಲ್ಲ. ಒಬ್ಬ ವೀರ ಕೈಯಾಗ ದೀಪ ಹಿಡಕೊಂಡು ಹಳೇ ಕ್ವಾಟಿ ಕೆಳಗಿನ ನೆಲಮಾಳಿಗಿಗೆ ಇಳೀತಾನ. ಅಂತಸ್ತು ಇಳದಂಗ ಇಳದಂಗ ಕತ್ತಲು ಹೆಚ್ಚಾಗತೈತಿ. ಕಟ್ಟಕಡಿಗೆ ಒಬ್ಬ ರಾಕ್ಷಸ ಮಲಗ್ಯಾನ, ಅವನ ಬೆನ್ನ ಹಿಂದಿನ ಬಾಗಿಲು ದಾಟಿದ್ರ ಆಟ ಗೆದ್ದಂಗ. ಇದೆಲ್ಲಾ ಕ್ಯಾಸೆಟ್ಟಿನ ಮ್ಯಾಲಿನ ಚಿತ್ರ ನೋಡಿ ತಿಳಕೊಂಡಿದ್ದು, ಅಲ್ಲಿತನ ಮುಟ್ಟಿದಾಂವ ಒಬ್ಬನೂ ಇದ್ದಿಲ್ಲ. ನಮ್ಮ ಕಡೆ ಜ್ವಾಳ ತುಂಬಿಡಾಕ ನೆಲದಾಗ ತೋಡಿದ ಆಳವಾದ ಕುಣಿಗೆ ಹಗೇವು ಅಂತಾರ. ಹಂಗಾಗಿ ಇದಕ್ಕ ‘ಹಗೇವಿನ ಆಟ’ ಅಂತ ಹೆಸರು ಬಿತ್ತು.

ಕನ್ನಡಿ

ಮೊದಮೊದಲ ಬಾಗಿಲು ತಗದಿಟ್ಟ ಆಡಸ್ತಿದ್ದೆ. ಸಿಂಧನೂರಿನ ಬಿಸಿಲು ನಿಮಗ ಗೊತ್ತಲ್ಲ, ಯಾರೂ ಕರೀದನ ಒಳಗ ಬಂದು ಟಿವಿ ಮುಂದ ಕುಂದ್ರತಿತ್ತು. ಕಾರಿನ ಆಟ ಹೆಂಗೋ ಕಾಣ್ತಿತ್ತು. ಹಗೇವಿನ್ಯಾಗ ಎರಡನೇ ಅಂತಸ್ತಿಗೆ ಇಳಿಯೂದ ತಡ, ಟಿವಿ ಪೂರಾ ಕರ್ರಗ.

ಒಂದಿನ ತುರ್ವಿಹಾಳದ ರೈತ ಒಬ್ಬ ಬಂದ. ಭತ್ತದ ಚೀಲ ಲಾರಿಗೆ ಹೇರಿಸಿ, ಬಸ್ಸಿಗೆ ಇನ್ನೂ ಹೊತ್ತೈತಿ ಅಂತ ಒಳಗ ಹೊಕ್ಕಾಂವ. ಉಮೇದಿಯಿಂದ ಕುಂತ, ಮೊದಲನೇ ಅಂತಸ್ತು ದಾಟಿದ. ಎರಡನೇದಕ್ಕ ಇಳದ. ಆಮ್ಯಾಲ ಸುಮ್ಮನ ಟಿವಿ ನೋಡ್ಕೊಂತ ಕುಂತ. ಮೀಸಿ ತಿರುವಿದ. ಕಿಸೆದಾಗಿನ ಬಾಚಣಿಗಿ ತಗದು ಬೈತಲಿ ತಗದು ತಲಿ ಬಾಚಿಕೊಂಡ.

“ಯಾಕ್ರೀ ಯಜಮಾನ್ರ, ಆಡ್ರೆಲ್ಲ” ಅಂದೆ.

“ಆಟ ಎಲ್ಲೈತಿ ತಮ್ಮಾ? ಆಗಿನಿಂದ ನನ್ನ ಮಾರೀನ ಕಾಣಾಕತ್ತೈತಿ.” ಬಾಚಣಿಗಿ ಕಿಸೆದಾಗ ಇಟ್ಟು ಎದ್ದ. “ಕ್ಷೌರದ ಅಂಗಡ್ಯಾಗ ಇದನ್ನ ಪುಗಸಟ್ಟೆ ತೋರಸ್ತಾರ.”

ಕಾಮಣಿ

ಮರುದಿನಾನ ಮನ್ಯಾಗಿನ ಕರೀ ಕಂಬಳಿ ತಂದು ಬಾಗಿಲಿಗೆ ಕಟ್ಟಿದೆ. ಆಹಾ, ಏನು ಹೇಳ್ಲಿ, ಒಳಗ ಗವ್ವೆನ್ನೋ ಕತ್ತಲ, ಹಗೇವು ಥಳಥಳ ಕಾಣಾಕತ್ತು. ಆಡೋರಿಗೆ ಮೈಯಾಗ ದೇವರು ಬಂದಂಗ. “ಹೊಡೀಲೇ ಅವನ್ನ”, “ಸತ್ತಾ ಸತ್ತಾ”, “ಇನ್ನೊಂದು ಜೀವ ಐತಿ ಬಿಡಬ್ಯಾಡ” ಅಂತ ಒದರಾಟ ಬಸ್‌ಸ್ಟ್ಯಾಂಡಿಗೆ ಕೇಳ್ತಿತ್ತು.

ಬಸ್‌ಸ್ಟ್ಯಾಂಡಿಗೆ ಕೇಳಿದ್ದು ಮಸ್ಕಿಗೆ ಮುಟ್ಟಾಕ ಎಷ್ಟೊತ್ತು? ಅದ ಹೊತ್ತಿನ್ಯಾಗ ಮಸ್ಕಿಯೊಳಗ ಒಂದು ಗೊಬ್ಬರದ ಅಂಗಡಿ ಯಜಮಾನರ ಮಗಳ ಜೋಡಿ ನನ್ನ ಲಗ್ನದ ಮಾತು ನಡದಿತ್ತು. ಹುಡುಗಿ ನೋಡಾಕ ಹೋದಾಗ ಆಕಿ ತಲಿ ತಗ್ಗಿಸಲಿಲ್ಲ, ನೆಟ್ಟಗ ನನ್ನ ನೋಡಿ ನಕ್ಕಿದ್ಲು. ಅವತ್ತಿನಿಂದ ನನಗ ಊಟ ಸೇರ್ತಿದ್ದಿಲ್ಲ, ಆಕೀನ ಬೇಕು ಅಂತ ಮನಸು ಹಟ ಹಿಡದಿತ್ತು. ಈಗ ಅವರಪ್ಪನ ಕಡಿಂದ ಮಾತು ಬಂತು: “ಹಗಲೊತ್ತಿನ್ಯಾಗ ಬಾಗಿಲಿಗೆ ಕಂಬಳಿ ಕಟ್ಟಿ ಆಡೂದು ಯಾವ ಆಟ? ಅದು ಜೂಜಿನ ಅಡ್ಡಾ. ಜೂಜುಕೋರಗ ನಾ ಹೆಣ್ಣು ಕೊಡೂದಿಲ್ಲ.”

ಅತ್ತ ದರಿ, ಇತ್ತ ಪುಲಿ. ಕಂಬಳಿ ಬಿಚ್ಚಿದ್ರ ಗಿರಾಕಿ ಹೋಗ್ತಾರ, ಬಿಚ್ಚಲಿಲ್ಲಂದ್ರ ಹುಡುಗಿ ಹೋಗ್ತಾಳ. ಕಂಬಳಿ ಬಿಚ್ಚಿ, ಟಿವಿ, ಗೇಮಿನ ಡಬ್ಬಿ ಎರಡೂ ಹೊತ್ತುಕೊಂಡು ಲಿಂಗಸುಗೂರಿಗೆ ಓಡಿದೆ. ಅಲ್ಲಿ ಟಿವಿ ರಿಪೇರಿ ಮಾಡೋ ಚಾಚಾ ಒಬ್ಬರಿದ್ರು, ಭಾಳ ಬೆರಕಿ ಮನಿಷಾ.

“ಕ್ಯಾ ರೇ, ಏನಾಗೈತಿ?”

“ಕತ್ತಲ ಭಾಳ ಆಗೈತಿ ಚಾಚಾ.”

ಚಾಚಾ ಹಚ್ಚಿ ನೋಡಿದ್ರು. “ಟಿವಿ ಏಕ್‌ದಮ್ ಚೊಕ್ಕ ಐತಿ. ಕತ್ತಲ ಇರೂದು ಆಟದೊಳಗ. ಅದನ್ನ ನಾ ಹೆಂಗ ರಿಪೇರಿ ಮಾಡ್ಲಿ?”

“ಅದೆಲ್ಲಾ ಗೊತ್ತಿಲ್ಲ, ಯಾವ್ಯಾವ ಗುಂಡಿ ಎಷ್ಟೆಷ್ಟು ತಿರಗತಾವೋ ಅಷ್ಟೂ ತಿರುವಿ ಬಿಡ್ರಿ” ಅಂದೆ. ಚಾಚಾ ಹಣಿ ಬಡಕೊಂಡು ಬೆಳಕಿನ ಗುಂಡಿ, ಬಣ್ಣದ ಗುಂಡಿ ಎರಡೂ ಪೂರಾ ತಿರುವಿ ಕೊಟ್ರು.

ಈಗ ಕಂಬಳಿ ಇಲ್ದನೂ ಹಗೇವು ಕಾಣಾಕತ್ತು. ಆದ್ರ ಹೆಂಗ? ಗಿರಾಕಿ ಒಬ್ಬ ಕೇಳಿದ, “ಹಗೇವಿಗೆ ಯಾಕ ಸುಣ್ಣ ಹಚ್ಚೀಯಣ್ಣ, ರಾಕ್ಷಸನ ಮನ್ಯಾಗ ಲಗ್ನ ಐತೇನು?” ಅಂಜಿಕಿನ ಹೋತು, ಅಂಜಿಕಿ ಹೋದ ಮ್ಯಾಲ ಆಟದಾಗ ಏನೈತಿ ಮಣ್ಣು.

ಸಂಜಿಮುಂದ ನಮ್ಮವ್ವ ಅಂಗಡಿಗೆ ಬಂದ್ಲು, ಟಿವಿಯೊಳಗ ವಾರ್ತೆ ನೋಡಾಕ. ವಾರ್ತೆ ಓದೋ ಹೆಣ್ಣುಮಗಳ ಮಾರಿ ಹಳದಿ, ಕೈ ಹಳದಿ, ಕಣ್ಣೂ ಹಳದಿ. ಅವ್ವ ಗಲ್ಲದ ಮ್ಯಾಲ ಕೈ ಇಟ್ಕೊಂಡು ಕುಂತ್ಲು.

“ಪಾಪ, ಹುಡುಗಿಗೆ ಕಾಮಣಿ ಆಗೈತಿ. ಇಕಿಗೆ ಒಂದಿನ ರಜಾ ಕೊಡೋರು ಯಾರೂ ಇಲ್ಲೇನಲೇ ಆ ಡಿಲ್ಲ್ಯಾಗ?”

ಕೆಟ್ಟ ಗಾಳಿ

ಮತ್ತ ಟಿವಿ, ಡಬ್ಬಿ ಹೊತ್ತೆ, ಮತ್ತ ಲಿಂಗಸುಗೂರು. “ಚಾಚಾ, ನನಗ ನನ್ನ ಕತ್ತಲ ವಾಪಸ್ ಕೊಡ್ರಿ” ಅಂದೆ. ಚಾಚಾ ನಕ್ಕೊಂತ ಗುಂಡಿ ಹಿಂದ ತಿರುವಿದ್ರು. ಸರಿ ಆಗೈತೋ ಇಲ್ಲೋ ನೋಡಬೇಕಲ್ಲ, ಅಂಗಡಿ ಶಟರ್ ಅರ್ಧ ಇಳಿಸಿ ಹಗೇವಿನ ಆಟ ಹಚ್ಚಿ ತಾವ ಆಡಾಕ ಕುಂತ್ರು.

ಅಲ್ಲಿ ಪಾಮನಕಲ್ಲೂರಿನ ಹಿರಿಯಾ ಒಬ್ಬ ರೇಡಿಯೊ ರಿಪೇರಿಗೆ ಬಂದು ನಿಂತಿದ್ದ. ಆಟ ನೋಡಿ, “ಇದು ಹಗೇವಲ್ಲೇನು” ಅಂತ ತಾನ ಗುರ್ತು ಹಿಡದ, ಚಾಚಾನ ಬೆನ್ನಿಗೇ ಬಂದು ನಿಂತ. ಚಾಚಾ ಮೂರನೇ ಅಂತಸ್ತಿಗೆ ಇಳದ್ರು. ಆ ಆಟದಾಗ ಎಣ್ಣಿ ತೀರಿದಂಗ ವೀರನ ಕೈಯಾಗಿನ ದೀಪ ಸಣ್ಣ ಆಗತೈತಿ, ಎಣ್ಣಿ ಗಡಿಗಿ ಹುಡುಕಬೇಕು. ದೀಪ ಸಣ್ಣ ಆತು. ಹಿರಿಯಾನ ಮಾರಿ ಕಪ್ಪಿಟ್ಟಿತು.

“ಮ್ಯಾಲ ಬಾ” ಅಂದ.

“ರುಕೋ ರುಕೋ, ಎಣ್ಣಿ ಇಲ್ಲೇ ಎಲ್ಲೋ ಐತಿ” ಅಂತ ಚಾಚಾ ಇನ್ನೂ ಕೆಳಗ ಇಳದ್ರು. ದೀಪ ಮಿಣಿಮಿಣಿ ಅಂತು.

ಹಿರಿಯಾ ಚಾಚಾನ ಎರಡೂ ರಟ್ಟಿ ಹಿಡದು ಸ್ಟೂಲಿನ ಮ್ಯಾಲಿಂದ ದರದರ ಎಳದು ಶಟರ್ ಹೊರಗ ತಂದು ಬಿಸಲಾಗ ಕೆಡವಿದ. ನಮ್ಮ ಕಡೆ ಹಗೇವಿಗೆ ಇಳಿಯೋಕಿಂತ ಮೊದಲ ಕಂದೀಲು ಇಳಿಬಿಟ್ಟು ನೋಡ್ತಾರ. ಕಂದೀಲು ಸಣ್ಣ ಆತಂದ್ರ ಒಳಗ ಕೆಟ್ಟ ಗಾಳಿ ಐತಿ, ಇಳದಾಂವ ತಿರುಗಿ ಬರೂದಿಲ್ಲ. ಆ ಮನಿಷಾ ಅದನ್ನ ಕಣ್ಣಾರೆ ನೋಡಿರಬೇಕು.

ಒಳಗ ಟಿವಿ ನೋಡಿದ್ರ ವೀರ ಅಂಗಾತ ಬಿದ್ದಾನ. ಚಾಚಾ ಮೈಮ್ಯಾಲಿನ ಧೂಳ ಝಾಡಿಸ್ಕೊಂತ, “ಅರೇ ಯಜಮಾನಾ, ನಿನ್ನ ದೆಸಿಂದ ಅಂವ ಸತ್ತ” ಅಂದ್ರು.

ಹಿರಿಯಾ ಉಸಿರು ಬಿಟ್ಟು ಹೇಳಿದ, “ಅಂವ ಸತ್ರ ಸಾಯ್ಲಿ ಬಿಡು. ನೀ ಉಳದೆಲ್ಲ, ಇಲ್ಲಂದ್ರ ನನ್ನ ರೇಡಿಯೊ ಯಾರು ರಿಪೇರಿ ಮಾಡಬೇಕಿತ್ತು?”

ದೀಪದ ಮಾತು

ಬರೂಮುಂದ ನನ್ನ ಲಗ್ನದ ತೊಡಕು ಹೇಳಿಕೊಂಡೆ, ಚಾಚಾ ಬುದ್ಧಿ ಹೇಳಿದ್ರು: “ಕಂಬಳಿ ಹಿಂದ ಏನೈತಿ ಅಂತ ನಿಮ್ಮ ಮಾವಗ ತೋರಸು. ಕಂಡಮ್ಯಾಲ ಅನುಮಾನ ಎಲ್ಲಿ ಇರತೈತಿ?” ಖರೇ ಅನ್ನಿಸ್ತು. ಟಿವಿ, ಡಬ್ಬಿ ಕೌದ್ಯಾಗ ಸುತ್ತಿ ತೊಡಿ ಮ್ಯಾಲ ಇಟ್ಕೊಂಡು ಲಿಂಗಸುಗೂರಿನಿಂದ ಸೀದಾ ಮಸ್ಕಿ ಬಸ್ಸಿಗೆ ಕುಂತೆ. ದಾರಿ ತುಂಬಾ ಒಂದ ವಿಚಾರ. ಇವತ್ತು ಆದ್ರ ಆತು, ಇಲ್ಲಂದ್ರ ಆ ನಗು ನನ್ನ ಪಾಲಿಗೆ ಇಲ್ಲ.

ಹುಡುಗಿ ಅಪ್ಪ ಪಡಸಾಲ್ಯಾಗ ಗೋಡಿಗೆ ಆನಿಕೊಂಡು ಕುಂತಿದ್ರು. ಬಾಜೂಕ ಅವರವ್ವ, ಅಂದ್ರ ಹುಡುಗಿ ಅಜ್ಜಿ, ಎಲಿ ಅಡಿಕಿ ಕುಟ್ಟಾಕತ್ತಿದ್ಲು. ಕಿಡಕಿ ಹಾಕಿಸಿ, ಕತ್ತಲ ಮಾಡಿಸಿ, ಟಿವಿ ಹಚ್ಚಿದೆ. ಅಡಗಿ ಮನಿ ಬಾಗಿಲದಾಗ ಬಳಿ ಸಪ್ಪಳಾತು. ಆಕಿ ಬಂದು ನಿಂತಾಳ ಅಂತ ಗೊತ್ತಾತು, ನಾ ಆ ಕಡೆ ನೋಡಲಿಲ್ಲ.

“ಗೆದ್ರ ಏನು ಸಿಗತೈತಿ?” ಅಂದ್ರು ಯಜಮಾನ್ರು.

“ಏನೂ ಸಿಗೂದಿಲ್ರಿ.”

“ಸೋತ್ರ?”

“ಸಾಯ್ತೀರಿ. ಆಮ್ಯಾಲ ಮತ್ತ ಹುಟ್ತೀರಿ.”

“ಏನೂ ಸಿಗೂದಿಲ್ಲಂದ್ರ ಮಂದಿ ಹಂಗ ಯಾಕ ಒದರತಾರ? ಇದರಾಗ ಏನೋ ಐತಿ. ತಾ ಇಲ್ಲಿ, ನಾನ ಆಡಿ ನೋಡ್ತೀನಿ.”

ಯಾವ ಗುಂಡಿ ಒತ್ತಿದ್ರ ವೀರನ ದೀಪದ ಬೆಳಕು ಹೆಚ್ಚಾಗತೈತಿ, ಯಾವುದು ಒತ್ತಿದ್ರ ಕಮ್ಮಿ ಆಗತೈತಿ ಅಂತ ತೋರಿಸಿಕೊಟ್ಟೆ. ಮೊದಲ ಸಲ ಕಾಲು ಜಾರಿ ಸತ್ರು. ಎರಡನೇ ಸಲ ಬಾವಲಿ ಕಡದು ಸತ್ರು. ಆಮ್ಯಾಲ ದೋತರ ಮ್ಯಾಲ ಕಟ್ಟಿದ್ರು ನೋಡ್ರಿ, ಏನು ಮನಿಷಾರೀ ಅಂವ! ಎಣ್ಣಿ ಗಡಿಗಿ ಒಂದೂ ಬಿಡಲಿಲ್ಲ, ಎರಡು ದಾಟಿದ್ರು, ಮೂರು ದಾಟಿದ್ರು, ನನ್ನ ಅಂಗಡ್ಯಾಗ ಯಾರೂ ಕಾಣದ ಅಂತಸ್ತಿಗೆ ಇಳದೇ ಬಿಟ್ರು. ನನ್ನ ಮೈಮ್ಯಾಲಿನ ಕೂದಲ ನಿಂತ್ವು. ಅಲ್ಲಿ ರಾಕ್ಷಸ ಗೊರಕಿ ಹೊಡೀತಾನ, ಹಿಂದ ಬಾಗಿಲು ಕಾಣತೈತಿ.

ವೀರ ದೀಪ ಹಿಡದು ಹತ್ರ ಹ್ವಾದಂಗ ರಾಕ್ಷಸನ ಕಣ್ಣರೆಪ್ಪಿ ಅಳ್ಳಾಡಾಕತ್ತು. ನನಗ ತಟ್ಟನ ಹೊಳೀತು, ಬೆಳಕು ಬಿದ್ರ ಅಂವ ಏಳ್ತಾನ, ಕತ್ತಲದಾಗ ದಾಟಬೇಕು. ಇನ್ನೂ ಮಾವ ಆಗಿದ್ದಿಲ್ಲ, ಆದ್ರ ಬಾಯಿಗೆ ಹಂಗ ಬಂತು.

“ಮಾವಾರೆ, ದೀಪ ಆರಸ್ರಿ.”

ಅಜ್ಜಿ ಅಡಿಕಿ ಕುಟ್ಟೂದು ನಿಲ್ಲಿಸಿದ್ಲು. “ಏನಂದಿ? ಹೆಣ್ಣು ಕೇಳಾಕ ಬಂದ ಮನ್ಯಾಗ ದೀಪ ಆರಸು ಅಂತೀಯಾ? ನಿನ್ನ ಬಾಯಿಗೆ ಮಣ್ಣು ಹಾಕ್ಲಿ. ದೊಡ್ಡದು ಮಾಡು ಅನ್ನಾಕ ಬರೂದಿಲ್ಲೇನು?”

ನಮ್ಮ ಮನಿಗಳೊಳಗ ದೀಪ ಆರಸು ಅನ್ನಬಾರದು, ಅದು ಅಪಶಕುನದ ಮಾತು. ಆರಸೂದಕ್ಕ ‘ದೊಡ್ಡದು ಮಾಡು’ ಅಂತಾರ. ಹುಟ್ಟಿದಾಗಿಂದ ಕೇಳಿದ್ದನ್ನ ಗಡಿಬಿಡ್ಯಾಗ ಮರತಿದ್ದೆ. ನಾಲಿಗಿ ಕಚ್ಚಿಕೊಂಡೆ.

“ತಪ್ಪಾತವ್ವಾ. ಮಾವಾರೆ, ದೀಪ ದೊಡ್ಡದು ಮಾಡ್ರಿ, ಲಗೂನ ದೊಡ್ಡದು ಮಾಡ್ರಿ.”

ಯಜಮಾನ್ರು ಹಲ್ಲು ಕಚ್ಚಿ ಬೆಳಕಿನ ಗುಂಡಿ ಒತ್ತಿದ್ರು. ದೀಪ ಖರೇನ ದೊಡ್ಡದಾತು. ಹಗೇವು ಹಾಡಾಹಗಲಾದಂಗ ಆತು. ರಾಕ್ಷಸ ಎರಡೂ ಕಣ್ಣು ತಗದು, ಎದ್ದು ಕುಂತು, ವೀರನ್ನ ಒಂದ ತುತ್ತಿಗೆ ನುಂಗಿದ.

“ದೊಡ್ಡದು ಮಾಡು ಅಂದ್ರೆಲ್ಲ ನೀವು” ಅಂತ ಯಜಮಾನ್ರು ನಮ್ಮಿಬ್ಬರ ಮ್ಯಾಲ ಹರಿಹಾಯ್ದ್ರು.

“ದೊಡ್ಡದು ಮಾಡು ಅಂದ್ರ ಆರಸು ಅಂತ ತಿಳಿಯೂದಿಲ್ಲೇನು ನಿನಗ?” ಅಂದ್ಲು ಅಜ್ಜಿ. “ನಿನ್ನ ಹೆಂಡ್ತಿ ದಿನಾ ದೇವರ ಮುಂದ ಅಂತಾಳೆಲ್ಲ.”

“ದೇವರ ಮುಂದಿನ ದೀಪ ಬ್ಯಾರೆ ಯವ್ವಾ, ರಾಕ್ಷಸನ ಮುಂದಿನ ದೀಪ ಬ್ಯಾರೆ.”

ಅಡಗಿ ಮನಿ ಬಾಗಿಲದಾಗ ಕಿಸಕ್ ಅಂತ ನಗು ಕೇಳ್ತು. ನನ್ನ ಜೀವ ಬಾಯಿಗೆ ಬಂದಿತ್ತು, ಆದ್ರೂ ಆ ನಗು ಕೇಳಿ ಹಿತ ಅನ್ನಿಸ್ತು. ಯಜಮಾನ್ರು ಮತ್ತ ಮೊದಲಿಂದ ಹಚ್ಚಂದ್ರು. ಮತ್ತ ಸತ್ರು. ಮತ್ತ ಹಚ್ಚಿದ್ರು. ಚಾ ಆರಿ ಹೋತು, ಗೊಬ್ಬರ ಒಯ್ಯಾಕ ಬಂದ ಗಿರಾಕಿ ಕಾದು ಕಾದು ಹೋದ್ರು, ಹೊತ್ತು ಮುಳಗಾಕ ಬಂತು. ರಾಕ್ಷಸನ ಹತ್ರ ಇನ್ನೊಮ್ಮೆ ಹೋಗಾಕ ಅವರಿಗೆ ಆಗಲೇ ಇಲ್ಲ.

ಕಡೀಕ ಗುಂಡಿ ಡಬ್ಬಿ ಕೆಳಗಿಟ್ಟು ಮಾರಿ ಒರಸಿಕೊಂಡ್ರು.

“ಲಗ್ನದ ತಯಾರಿ ಮಾಡ್ರಿ” ಅಂದ್ರು. “ಇದು ಜೂಜಲ್ಲ, ನನಗ ಪಕ್ಕಾ ಆತು. ಜೂಜಾಗಿದ್ರ ಇಷ್ಟೊತ್ತಿನ್ಯಾಗ ಒಮ್ಮೆಯಾದ್ರೂ ಗೆಲ್ತಿದ್ದೆ.”

ಅಜ್ಜಿ ಬಾಯಾಗಿನ ಎಲಿ ಒಂದು ಕಡೆ ಒತ್ತಿಕೊಂಡು ಮಗನ ಮಾರಿ ನೋಡಿದ್ಲು.

“ಅದು ನಿನಗ ಹೆಂಗ ಗೊತ್ತಲೇ?”